ಆಯ್ದಕ್ಕಿಯೂ ಚೆಲ್ಲಿದಕ್ಕಿಯೂ

ಕಳೆದ ತಿಂಗಳು ನಮ್ಮ ಸಂಘದ ಆಶ್ರಯದಲ್ಲಿ ವಚನ ವಾಙ್ಮಯವನ್ನು ಕುರಿತು ಒಂದು ಉಪನ್ಯಾಸ ನಡೆಯಿತಷ್ಟೆ. ಉಪನ್ಯಾಸಕರು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಹೃದಯಂಗಮವಾಗಿ ಹೇಳಿದರು, ಸಭಿಕರೆಲ್ಲ ತಲೆದೂಗಿದರು. ಸಭೆ ಮುಗಿದು ಉಪಾಹಾರವೂ ಆದ ಮೇಲೆ ಈ ಲೇಖಕನು ಕೈತೊಳೆಯಲೆಂದು ಹಿತ್ತಲ ಕಡೆಗೆ ಹೋದನು. ಅಲ್ಲಿ ಕಂಡುದೇನು? ಅರ್ಧ ತಿಂದು ಬಿಟ್ಟ ಉಪ್ಪಿಟ್ಟು, ಬೆರಳು ಮಾತ್ರ ಸೋಂಕಿದ ಕೇಸರಿಬಾತು, ಮುಚ್ಚಳ ತೆಗೆದು ಎರಡು ಗುಟುಕು ಕುಡಿದು ಇಟ್ಟುಬಿಟ್ಟ ನೀರಿನ ಬಾಟಲಿಗಳು. ಇವೆಲ್ಲವೂ ಒಂದು ದೊಡ್ಡ ಬುಟ್ಟಿಯನ್ನು ತುಂಬಿ ನೆಲದ ಮೇಲೂ ಚೆಲ್ಲಿದ್ದುವು. ಪಕ್ಕದಲ್ಲಿದ್ದ ಮಿತ್ರರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ನಕ್ಕು, "ಸ್ವಾಮಿ, ತುತ್ತು ಅನ್ನಕ್ಕೂ ಲೆಕ್ಕವಿಡುವುದು ನಮ್ಮ ತಾತಂದಿರ ಕಾಲದ ದಾರಿದ್ರ್ಯದ ಅಭ್ಯಾಸ. ಈಗ ದೇವರು ಕೊಟ್ಟಿದ್ದಾನೆ. ಬನ್ನಿ, ಸಾಹಿತ್ಯದ ಮಾತಾಡೋಣ" ಎಂದರು.

ಆ ಮಿತ್ರರು ಸಜ್ಜನರು, ವಿದ್ಯಾವಂತರು, ದಾನಿಗಳು. ಅವರ ಅಭಿಪ್ರಾಯ ಅವರೊಬ್ಬರದೇ ಆಗಿದ್ದರೆ ಅದನ್ನು ಇಲ್ಲಿ ಎತ್ತಬೇಕಾದ ಕಾರಣವಿರಲಿಲ್ಲ. ಆದರೆ ಇಂದು ನಮ್ಮ ವಿದ್ಯಾವಂತ ಮನೆಗಳ ಸಾಮಾನ್ಯ ಮತವೇ ಅದಾಗಿರುವುದರಿಂದ ಉತ್ತರ ಹೇಳದೆ ಇರಲಾಗದು. ಸಾಹಿತ್ಯದ ಮಾತನ್ನೇ ಆಡೋಣವೆಂದರಲ್ಲವೆ? ಹಾಗೆಯೇ ಆಗಲಿ, ಲಕ್ಕಮ್ಮನಿಂದಲೇ ಪ್ರಾರಂಭಿಸೋಣ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರ ಮನೆಯ ಅಡಿಗೆ, ಅದರಿಂದಲೇ ದಾಸೋಹ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳೆಂದು ಕಥೆ. ಇದರಲ್ಲಿ ಎರಡು ಸಂಗತಿಗಳನ್ನು ನಮ್ಮವರು ಮರೆಯುತ್ತಾರೆ. ಮೊದಲನೆಯದು, ಆ ಹೆಣ್ಣುಮಗಳ ಮಿತವು ಇಲ್ಲದಿರುವಿಕೆಯಿಂದ ಹುಟ್ಟಿದುದಲ್ಲ. ಹೆಚ್ಚು ಅಕ್ಕಿ ಕೈಗೆ ಬಂದ ದಿನವೇ ಅದು ಪ್ರಕಟವಾಯಿತು. ಎರಡನೆಯದು, ಕಾಳು ಕಾಳನ್ನು ಆಯ್ದು ತಂದ ಆ ಮನೆಯೇ ಹತ್ತು ಜನಕ್ಕೆ ಉಣಬಡಿಸಿತು. ನಾವಾದರೋ ಇದನ್ನು ವೇದಿಕೆಯ ಮೇಲೆ ಹೊಗಳಿ, ಹಿತ್ತಲಿನಲ್ಲಿ ಅಕ್ಕಿಯನ್ನು ಚೆಲ್ಲುತ್ತೇವೆ.

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸುವೆನು.

"ದುಡ್ಡು ನಮ್ಮದು, ಇಟ್ಟುಕೊಳ್ಳುವುದೂ ಚೆಲ್ಲುವುದೂ ನಮ್ಮ ಇಷ್ಟ" ಎಂಬುದು ಮೊದಲನೆಯದು. ದುಡ್ಡು ತಮ್ಮದಿರಬಹುದು. ಆದರೆ ಅಕ್ಕಿಯೊಳಗಿರುವುದೆಲ್ಲವೂ ದುಡ್ಡಲ್ಲವಷ್ಟೆ. ಒಂದು ಕಿಲೋ ಅಕ್ಕಿ ನಮ್ಮ ಡಬ್ಬಿಗೆ ಬಂದು ಬೀಳುವುದಕ್ಕೆ ಮುಂಚೆ ಸುಮಾರು 2,500 ಲೀಟರು ನೀರನ್ನು ಕುಡಿದಿರುತ್ತದೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಆ ನೀರು ಮಳೆಯದು, ಕಾಲುವೆಯದು, ಬಾವಿಯದು. ಅದರ ಮೇಲೆ ನಾಟಿ ಹಾಕಿದವಳ ಬೆನ್ನಿನ ನೋವು. ಅಂಗಡಿಯವನ ರಸೀತಿಯಲ್ಲಿ ಇವಾವುವೂ ನಮೂದಾಗಿರುವುದಿಲ್ಲ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ, ಯಂತ್ರಗಳಿಂದ ಎತ್ತಿ ತರಬೇಕಾಗಿದೆ. 2024ರ ಮಾರ್ಚಿಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಅಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೂ ತೋಟಕ್ಕೆ ಬಿಟ್ಟವರಿಗೂ 5,000 ರೂಪಾಯಿ ದಂಡವೆಂದು ಆಜ್ಞೆ ಹೊರಟಿತು. ಕೋಟಿ ಬಾಳುವ ಮನೆಗಳಲ್ಲಿದ್ದವರು ಟ್ಯಾಂಕರಿನ ದಾರಿಯನ್ನು ಕಾಯುತ್ತ ನಿಂತರು. ಅವರಲ್ಲಿ ದುಡ್ಡಿಗೆ ಕೊರತೆಯಿತ್ತೆ? ಇರಲಿಲ್ಲ. ನೀರಿಗೆ ಕೊರತೆಯಿತ್ತು. ದುಡ್ಡಿರುವವನಿಗೆ ಚೆಲ್ಲುವ ಅಧಿಕಾರವಿದೆಯೆಂಬ ತತ್ತ್ವದ ಬೆಲೆ ಆ ಒಂದು ಬೇಸಿಗೆಯಲ್ಲಿಯೇ ತಿಳಿದುಹೋಯಿತು.

ಎರಡನೆಯ ಆಕ್ಷೇಪ ಮೇಲುನೋಟಕ್ಕೆ ಬಲವಾದುದು. "ಕಾರ್ಖಾನೆಗಳೂ ಸರಕಾರಗಳೂ ದೊಡ್ಡದಾಗಿ ಹಾಳುಮಾಡುತ್ತಿರುವಾಗ ನಮ್ಮ ಮನೆಯ ಹನಿ ನೀರು, ಹಿಡಿ ಅನ್ನ ಎಷ್ಟರದು?" ದೊಡ್ಡವರ ದುಂದು ದೊಡ್ಡದೆಂಬುದು ನಿಜ, ಅದನ್ನು ಪ್ರಶ್ನಿಸಬೇಕಾದುದೂ ನಿಜ. ಆದರೆ ಮನೆಗಳ ಪಾಲು ಅಲ್ಪವೆಂಬುದು ಸುಳ್ಳು. ವಿಶ್ವಸಂಸ್ಥೆಯ ಪರಿಸರ ವಿಭಾಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್ನು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದೇ. ನಮ್ಮ ದೇಶದ ಮನೆಗಳಲ್ಲಿ, ಸಿಪ್ಪೆ ಮೊದಲಾದ ತಿನ್ನಲಾಗದ ಭಾಗವೂ ಸೇರಿ, ತಲೆಯೊಂದಕ್ಕೆ ವರ್ಷಕ್ಕೆ 55 ಕಿಲೋ ಎಂದು ಅದರ ಅಂದಾಜು. ಐದು ಜನರ ಮನೆಗೆ 275 ಕಿಲೋ ಆಯಿತು. ಇದು ಕಾರ್ಖಾನೆಯ ಪಾಪವಲ್ಲ.

ವರದಿ ಬೇಡವೆನ್ನುವವರು ತಮ್ಮ ಮನೆಯಲ್ಲಿಯೇ ಎಣಿಸಿ ನೋಡಲಿ. ನಲ್ಲಿಯೊಂದು ಕ್ಷಣಕ್ಕೊಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿಗಳು. ನಾಲ್ಕು ಸಾವಿರ ಹನಿಗೆ ಒಂದು ಲೀಟರೆಂದಿಟ್ಟುಕೊಂಡರೂ ದಿನಕ್ಕೆ 21 ಲೀಟರು, ವರ್ಷಕ್ಕೆ 7,800 ಲೀಟರಿಗೂ ಮೇಲಾಯಿತು. ಅದನ್ನು ತಡೆಯಲು ಬೇಕಾದುದು ಕೆಲವೇ ರೂಪಾಯಿಗಳ ಒಂದು ವಾಷರು. 75 ವ್ಯಾಟಿನ ಹಳೆಯ ಫ್ಯಾನೊಂದು ಯಾರೂ ಇಲ್ಲದ ಕೋಣೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 110 ಯೂನಿಟ್ಟು ವಿದ್ಯುತ್ತು ಗಾಳಿಗೆ ಗಾಳಿ ಬೀಸಿ ಮುಗಿದಿರುತ್ತದೆ. ದಿನಕ್ಕೆ 50 ಗ್ರಾಮು ಅಕ್ಕಿಯ ಅನ್ನ ಚರಂಡಿಗೆ ಹೋದರೆ ವರ್ಷಕ್ಕೆ 18 ಕಿಲೋ. ಮೇಲಿನ ಲೆಕ್ಕದಂತೆ ಅದರ ಬೆನ್ನಿಗೆ 45,000 ಲೀಟರು ನೀರು. ಹನಿಹನಿ ಗೂಡಿದರೆ ಹಳ್ಳವೆಂಬ ಗಾದೆಯನ್ನು ಮಕ್ಕಳಿಗೆ ಕಾಪಿ ಬರೆಯಿಸುವ ನಾವು ಹಳ್ಳ ಹರಿದುಹೋಗುವುದನ್ನು ಮಾತ್ರ ಕಾಣೆವು. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಧಾನ್ಯದ ಅಭಾವದ ಕಾಲದಲ್ಲಿ ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಬೇಡಿಕೊಂಡಾಗ, ಒಂದು ಹೊತ್ತಿನ ಊಟ ಎಷ್ಟರದೆಂದು ಕೇಳುತ್ತ ಕುಳಿತಿದ್ದರೆ ಯಾರೂ ಬಿಡುತ್ತಿರಲಿಲ್ಲ. ಆದರೂ ಬಿಟ್ಟ ಮನೆಗಳು ಎಷ್ಟೋ ಇದ್ದುವು.

ಮೂರನೆಯ ಆಕ್ಷೇಪ, ಇದೆಲ್ಲವೂ ಜಿಪುಣತನವೆಂಬುದು. ಈ ಮಾತಿಗೆ ನಮ್ಮಲ್ಲಿ ಕೆಲವರು ಆಸ್ಪದ ಕೊಟ್ಟಿದ್ದಾರೆಂದು ನಾಚಿಕೆಯಿಂದ ಒಪ್ಪಬೇಕಾಗಿದೆ. ಮೂರು ದಿನ ಫ್ರಿಜ್ಜಿನಲ್ಲಿಟ್ಟು, ತಾವು ತಿನ್ನಲೊಲ್ಲದೆ, ನಾಲ್ಕನೆಯ ದಿನ ಮನೆಗೆಲಸದವಳ ಡಬ್ಬಿಗೆ ಹಾಕಿ "ಅನ್ನವನ್ನು ಹಾಳುಮಾಡಬಾರದಮ್ಮ" ಎಂದು ಉಪದೇಶಿಸುವವರನ್ನು ಬಲ್ಲೆವು. ಇದು ಮಿತವ್ಯಯವಲ್ಲ, ಕಸದ ಬುಟ್ಟಿಗೆ ಬದಲಾಗಿ ಒಬ್ಬ ಮನುಷ್ಯಳನ್ನು ಉಪಯೋಗಿಸಿಕೊಂಡದ್ದು. ಕೊಡುವುದಾದರೆ ಮಾಡಿದ ದಿನ, ಬಿಸಿಯಾಗಿರುವಾಗ, ನಾವು ಬಡಿಸಿಕೊಳ್ಳುವುದಕ್ಕೆ ಮೊದಲೇ ತೆಗೆದಿಟ್ಟು ಕೊಡತಕ್ಕುದು. ಸೊಪ್ಪು ಮಾರುವ ಮುದುಕಿಯೊಡನೆ ಎರಡು ರೂಪಾಯಿಗೆ ಕಾದಾಡಿ, ಅಗ್ಗವಾಯಿತೆಂದು ನಾಲ್ಕು ಕಟ್ಟು ತಂದು, ಎರಡನ್ನು ಕೊಳೆಯಿಸುವುದೂ ಮಿತವ್ಯಯವಲ್ಲ. "ಎರಡು ಕೊಂಡರೆ ಒಂದು ಉಚಿತ" ಎಂಬ ಹಲಗೆಯನ್ನು ಕಂಡು ಬೇಡದ ಮೂರನ್ನು ಹೊತ್ತು ತರುವವನು ಉಳಿಸಿದುದಾದರೂ ಏನನ್ನು? ಲೋಭಿಯೂ ದುಂದುಗಾರನೂ ಒಂದೇ ಬಳ್ಳಿಯ ಕಾಯಿಗಳು. ಇಬ್ಬರಿಗೂ ವಸ್ತುವಿನ ಬೆಲೆ ಗೊತ್ತು, ಅದರ ಹಿಂದಿನ ದುಡಿಮೆ ಗೊತ್ತಿಲ್ಲ. ಲಕ್ಕಮ್ಮನ ಮನೆಯಲ್ಲಿ ಮಿತವೂ ದಾಸೋಹವೂ ಒಟ್ಟಿಗೇ ಇದ್ದುವೆಂಬುದನ್ನು ಇಲ್ಲಿ ನೆನೆಯಬೇಕು.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರೂ ಅದರಂತೆ ನಡೆಯುತ್ತಾರೆ. ಮನೆವಾರ್ತೆ ಹೆಂಗಸರ ವಿಷಯ, ಆದುದರಿಂದ ಮಿತವ್ಯಯವೂ ಅವರದೇ ಹೊಣೆ, ಎಂಬುದೇ ಅದು. ನಮ್ಮ ತಾಯಂದಿರ ಕಾಲದಲ್ಲಿ ಅಡಿಗೆಮನೆಯಲ್ಲಿ ಏನೂ ಹಾಳಾಗುತ್ತಿರಲಿಲ್ಲವೆಂದು ಹಿರಿಯರು ಹೆಮ್ಮೆಯಿಂದ ಹೇಳುವರು. ಏಕೆ ಹಾಳಾಗುತ್ತಿರಲಿಲ್ಲ? ಎಲ್ಲರೂ ಉಂಡ ಮೇಲೆ ತಳ ಹಿಡಿದ ಅನ್ನವನ್ನೂ ನೀರಾದ ಸಾರನ್ನೂ ತಿಂದು ಮುಗಿಸಲು ಒಬ್ಬಾಕೆ ಇದ್ದಳು. ಹೆಂಗಸಿನ ಹೊಟ್ಟೆಯೇ ಮಿಕ್ಕಿದ್ದನ್ನು ಸುರಿಯುವ ಪಾತ್ರೆಯಾಗಿತ್ತು. ಆ ಮಿತವ್ಯಯ ಮರಳಿ ಬರುವುದು ಬೇಡ. ಇಂದಿಗೂ ರಾತ್ರಿ ಅನ್ನ ಮಿಕ್ಕುವುದು ಬಹುಮಟ್ಟಿಗೆ ಯಾರ ದೆಸೆಯಿಂದ? ಹೊರಗೆ ಉಂಡು ಬಂದು, "ನನಗೆ ಬೇಡ" ಎಂದು ಹತ್ತು ಗಂಟೆಗೆ ಹೇಳುವ ಯಜಮಾನರಿಂದ. ಹೇಳದೆ ಗೆಳೆಯರನ್ನು ಕರೆತರುವ, ಇಲ್ಲವೆ ಕರೆದವರು ಬರಲಿಲ್ಲವೆಂದು ಹೇಳದಿರುವ ಗಂಡುಮಕ್ಕಳಿಂದ. ಕೈಯಲ್ಲಿ ಸದಾ ದೂರವಾಣಿಯನ್ನು ಹಿಡಿದಿರುವವರಿಗೆ ಸಂಜೆ ಆರು ಗಂಟೆಯೊಳಗೆ "ಇಂದು ನನಗೆ ಅಡಿಗೆ ಬೇಡ" ಎಂದು ತಿಳಿಸುವುದು ಅಸಾಧ್ಯವೆ? ಮನೆಯ ಆಹಾರವನ್ನು ಉಳಿಸುವ ಉಪಾಯಗಳಲ್ಲಿ ಇದಕ್ಕಿಂತ ಅಗ್ಗವಾದುದು ಇನ್ನೊಂದಿಲ್ಲ. ಇದನ್ನು ಮಾಡತಕ್ಕವರು ಗಂಡಸರು.

ಹಾಗೆಂದು ಹಳೆಯ ಅಡಿಗೆಮನೆಯ ಜಾಣತನವನ್ನೆಲ್ಲ ಬಿಟ್ಟುಕೊಡಬೇಕಾಗಿಲ್ಲ. ಹೀರೇಕಾಯಿಯ ಸಿಪ್ಪೆಯಲ್ಲಿ ಚಟ್ನಿಯಿದೆ. ಕಲ್ಲಂಗಡಿಯ ಬಿಳಿಯ ಭಾಗದಲ್ಲಿ ದೋಸೆಯಿದೆ. ಹುಳಿಯಾದ ಮಜ್ಜಿಗೆಯಲ್ಲಿ ಮಜ್ಜಿಗೆಹುಳಿಯಿದೆ. ರಾತ್ರಿಯ ಅನ್ನದಲ್ಲಿ, ಕೂಡಲೇ ಆರಿಸಿ ತಂಪಿನಲ್ಲಿಟ್ಟಿದ್ದರೆ, ಬೆಳಗಿನ ಚಿತ್ರಾನ್ನವಿದೆ. ಅಕ್ಕಿ ತೊಳೆದ ನೀರು ಹಿಂದೆ ಕಲಗಚ್ಚಿಗೆ ಸೇರಿ ಹಸುವಿನ ಬಾನಿಗೆ ಹೋಗುತ್ತಿತ್ತು. ಹಸುವಿಲ್ಲದ ಮನೆಯಲ್ಲಿ ಅದು ತುಳಸಿಗೂ ಕರಿಬೇವಿಗೂ ಹೋಗಬಹುದು. ಬೇಳೆಯನ್ನು ಮುಂದಾಗಿ ನೆನೆಹಾಕಿದರೆ, ಪಾತ್ರೆಗೆ ಮುಚ್ಚಳವಿಟ್ಟರೆ, ಸಿಲಿಂಡರು ಕೆಲವು ದಿನ ಹೆಚ್ಚು ಬರುವುದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ಉತ್ತರ ಕರ್ನಾಟಕದ ತಾಯಂದಿರು ಬಟ್ಟೆಗೆ ಎರಡನೆಯ ಜನ್ಮವನ್ನು ಕೊಟ್ಟವರು. ಇವಾವುವೂ ಕಷ್ಟವಾದುವಲ್ಲ. ಇವಕ್ಕೆ ಬೇಕಾದುದು ಸ್ವಲ್ಪ ಗಮನ. ಆ ಗಮನವನ್ನು ಮನೆಯವರೆಲ್ಲರೂ ಹಂಚಿಕೊಳ್ಳಬೇಕೆಂಬುದಷ್ಟೇ ನನ್ನ ವಾದ.

ಉಪದೇಶ ಮಾಡುವವನು ತನ್ನ ಮನೆಯ ಅಂಗಳವನ್ನು ಮೊದಲು ಗುಡಿಸಬೇಕು. ನಮ್ಮ ಅಂಗಳವೆಂದರೆ ಈ ಸಂಘವೇ. ಆದಕಾರಣ ಕಾರ್ಯಕಾರಿ ಮಂಡಲಿಯವರ ಮುಂದೆ ಮೂರು ಸಣ್ಣ ಬಿನ್ನಹಗಳನ್ನು ಇಡುವೆನು. ಬರುವ ಸಭೆಗೆ ಉಪಾಹಾರವನ್ನು ಬರುವೆವೆಂದು ತಿಳಿಸಿದವರ ಸಂಖ್ಯೆಯಂತೆ ಮಾಡಿಸಲಿ. ಬಾಟಲಿಗಳನ್ನು ಬಿಟ್ಟು, ಹಿಂದಿನಂತೆ ಒಂದು ಕೊಳಗದಲ್ಲಿ ನೀರನ್ನೂ ತೊಳೆದ ಲೋಟಗಳನ್ನೂ ಇಡಿಸಲಿ. ಬಡಿಸುವವರು ಮೊದಲು ಅರ್ಧವೇ ಬಡಿಸಲಿ; ಬೇಕೆಂದವರಿಗೆ ಮತ್ತೆ ಬಡಿಸಲು ಯಾರಿಗೂ ಬೇಸರವಿಲ್ಲ. ಇದರಿಂದ ಸಂಘದ ಮರ್ಯಾದೆಗೆ ಕುಂದು ಬರುವುದೆಂದು ನನ್ನ ಮಿತ್ರರು ಹೆದರಬಹುದು. ಅತಿಥಿಯ ಎಲೆಯಲ್ಲಿ ಮಿಕ್ಕದ್ದನ್ನು ನೋಡಿ ಆತಿಥ್ಯವನ್ನು ಅಳೆಯುವ ಪದ್ಧತಿ ಎಲ್ಲಿಂದ ಬಂತೋ ತಿಳಿಯದು. ಬರಿದಾದ ಎಲೆಯೇ ಅಡಿಗೆಯವನಿಗೂ ಅನ್ನ ಬೆಳೆದವನಿಗೂ ಸಲ್ಲುವ ಮರ್ಯಾದೆಯೆಂದು ನಾನು ತಿಳಿದಿದ್ದೇನೆ.

ವಚನಗಳ ಮೇಲೆ ಇನ್ನೂ ಅನೇಕ ಉಪನ್ಯಾಸಗಳು ನಮ್ಮಲ್ಲಿ ನಡೆಯಲಿ. ಲಕ್ಕಮ್ಮನ ಹೆಸರನ್ನು ನಾವು ಇನ್ನೂ ಗಟ್ಟಿಯಾಗಿ ಹೇಳೋಣ. ಆದರೆ ಆಕೆಯೇ ಒಂದು ದಿನ ನಮ್ಮ ಸಭೆಗೆ ಬಂದರೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಉಪನ್ಯಾಸವನ್ನು ಕೇಳುತ್ತಾಳೆಂದು ನನಗೆ ತೋರುವುದಿಲ್ಲ. ಆಕೆ ನೇರವಾಗಿ ಹಿತ್ತಲಿಗೆ ಹೋಗಿ ಆ ಬುಟ್ಟಿಯನ್ನು ನೋಡುವಳು. ಆಗ ಆಕೆಗೆ ಉತ್ತರ ಹೇಳಬೇಕಾದವರು ನಾವು.