ಉಪ್ಪಾಗೆ: ಮರದಲ್ಲಿದ್ದರೆ ಹುಳಿ, ಡಬ್ಬಿಯಲ್ಲಿದ್ದರೆ ಮಾತ್ರೆ

ಕಳೆದ ಮಳೆಗಾಲದಲ್ಲಿ ಸೋಂದಾದ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಮಾತ್ರೆ ಡಬ್ಬಿ ಇತ್ತು. ನನ್ನದಲ್ಲ ಮಾರಾಯ್ರೆ, ಸಹೋದ್ಯೋಗಿಯೊಬ್ಬರದು :-) ತೂಕ ಇಳಿಸೋಕೆ ತರಿಸಿದ್ದರು. "ನಿಮ್ಮ ಕಡೆ ಬೆಳೆಯೋದಂತಲ್ಲ, ನಿಜವಾಗ್ಲೂ ಕೆಲಸ ಮಾಡುತ್ತಾ ಕೇಳಿಕೊಂಡು ಬಾ" ಅಂತ ಕೊಟ್ಟು ಕಳಿಸಿದ್ದರು. ಡಬ್ಬಿ ಮೇಲೆ "ಗಾರ್ಸೀನಿಯಾ ಕ್ಯಾಂಬೋಜಿಯಾ" ಅಂತ ಬರೆದಿತ್ತು. ಅಂದ್ರೆ ನಮ್ಮ ಉಪ್ಪಾಗೆ.

ಆಯಿಗೆ ತೋರಿಸಿದೆ. ಡಬ್ಬಿ ತಿರುಗಿಸಿ ನೋಡಿ ಕೇಳಿದಳು: "ಉಪ್ಪಾಗೆ ತಿಂದ್ರೆ ಸಪೂರ ಆಗ್ತ್ವಡ? ಹಂಗಾರೆ ನಿನ್ನ ಅಜ್ಜ ಎಂತಕ್ಕೆ ಅಷ್ಟು ದಪ್ಪ ಇದ್ದಿದ್ದ ತಮಾ?"

ಇಡೀ ಚರ್ಚೆ ಅಲ್ಲಿಗೇ ಮುಗಿಯಬೇಕಿತ್ತು. ಆದ್ರೆ ನಾನು ಇಂಜಿನಿಯರ್ ನೋಡಿ, ಓದದೇ ಬಿಡೋಕಾಗಲಿಲ್ಲ.

ಕಥೆ ಶುರುವಾಗೋದು ನಮ್ಮ ಮೈಸೂರಿನಲ್ಲೇ. 1965ರಲ್ಲಿ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಈ ಹಣ್ಣಿನ ಮುಖ್ಯ ಹುಳಿ ಯಾವುದೆಂದು ಗುರುತಿಸಿದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಚಿಕ್ಕದಾಗಿ ಎಚ್‌ಸಿಎ. ಒಣಗಿದ ಸಿಪ್ಪೆಯ ತೂಕದಲ್ಲಿ ಶೇ. 10ರಿಂದ 30ರಷ್ಟು ಇದೇ ಇರುತ್ತೆ. ತಿಂದ ಸಕ್ಕರೆ, ಪಿಷ್ಟ ಹೆಚ್ಚಾದಾಗ ದೇಹ ಅದನ್ನು ಕೊಬ್ಬು ಮಾಡುತ್ತಲ್ಲ, ಆ ದಾರಿಯಲ್ಲಿ ಬರುವ ಒಂದು ಕಿಣ್ವವನ್ನು ಎಚ್‌ಸಿಎ ತಡೆಯುತ್ತೆ ಅಂತ 1969ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಮುಂದೆ 70ರ ದಶಕದಲ್ಲಿ ಇಲಿಗಳ ಮೇಲೂ ಪರಿಣಾಮ ಕಂಡಿತು. ಅಷ್ಟು ಸಾಕಾಯ್ತು, 90ರ ದಶಕದಲ್ಲಿ ಮಾತ್ರೆ ಮಾರುಕಟ್ಟೆಗೆ ಬಂತು.

ಮನುಷ್ಯರ ಮೇಲೆ? 1998ರಲ್ಲಿ ನ್ಯೂಯಾರ್ಕಿನಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಏನೂ ಇಲ್ಲದ ಹುಸಿ ಮಾತ್ರೆ. ಇಬ್ಬರಿಗೂ ಪಥ್ಯದ ಊಟ. ಕೊನೆಗೆ ಎಚ್‌ಸಿಎ ತಿಂದವರು ಸರಾಸರಿ 3.2 ಕೆಜಿ ಇಳಿದರು. ಹುಸಿ ಮಾತ್ರೆಯವರು 4.1 ಕೆಜಿ! ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ, ಅಂದ್ರೆ ಇಳಿಸಿದ್ದು ಪಥ್ಯ, ಉಪ್ಪಾಗೆ ಅಲ್ಲ. ಕಾರಣವೂ ಊಹಿಸಬಹುದು: ನಾವು ತಿನ್ನೋ ಊಟದಲ್ಲಿ ಕೊಬ್ಬು ಕೊಬ್ಬಾಗಿಯೇ ಒಳಗೆ ಹೋಗುತ್ತೆ. ಪಿಷ್ಟದಿಂದ ಹೊಸದಾಗಿ ಕೊಬ್ಬು ತಯಾರಾಗೋದು ಮನುಷ್ಯರಲ್ಲಿ ಕಡಿಮೆ.

ಇಷ್ಟಾದ ಮೇಲೂ 2012ರಲ್ಲಿ ಅಮೆರಿಕದ ಟೀವಿ ವೈದ್ಯರೊಬ್ಬರು ಹೊಗಳಿದ್ದೇ ತಡ, ಮತ್ತೆ ಭರಾಟೆ. ಈ ಮಾತ್ರೆಗಳನ್ನು ನುಂಗಿ ಯಕೃತ್ತು ಕೆಟ್ಟವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಇವನ್ನು ತಿನ್ನಬೇಡಿ ಅಂತಲೇ ಹೇಳಿತು.

ಈಗ ಒಂದು ಸಣ್ಣ ಲೆಕ್ಕ. ಸಿಪ್ಪೆಯಲ್ಲಿ ಶೇ. 20 ಎಚ್‌ಸಿಎ ಅಂತ ಹಿಡಿದರೆ, 1500 ಮಿಲಿಗ್ರಾಂಗೆ ದಿನಕ್ಕೆ ಏಳೂವರೆ ಗ್ರಾಂ ಒಣಸಿಪ್ಪೆ ಬೇಕು. 12 ವಾರಕ್ಕೆ ಒಬ್ಬರಿಗೇ 630 ಗ್ರಾಂ. ಇಡೀ ಮನೆಗೆ ಮಾಡಿದ ಸಾರಿಗೆ ಆಯಿ ಹಾಕೋದು ಒಂದೆರಡು ಚೂರು. ಅಡುಗೆಯ ಹುಳಿಗೂ ಮಾತ್ರೆಯ ಹುಳಿಗೂ ಇರುವ ಅಂತರ ಇದು. "ನೈಸರ್ಗಿಕ" ಅಂತ ಡಬ್ಬಿ ಮೇಲೆ ಬರೆದ ಮಾತ್ರಕ್ಕೆ ಈ ಅಂತರ ಅಳಿಸಿ ಹೋಗಲ್ಲ.

ನನಗೆ ನಿಜವಾಗಿ ಸಿಟ್ಟು ಬರೋದು ಇದಕ್ಕಲ್ಲ. ಆ 630 ಗ್ರಾಂ ಎಲ್ಲಿಂದ ಬರುತ್ತೆ? ಶಿರಸಿ, ಸಿದ್ದಾಪುರದ ಕಾಡಿನಿಂದ. ಕಾಡು ಎಲ್ಲರದ್ದು, ಹಾಗಾಗಿ ಹಣ್ಣಾಗಲಿ ಅಂತ ಕಾದವನಿಗೆ ಏನೂ ಸಿಗಲ್ಲ. ಬೇರೆಯವರು ಕೊಯ್ಯುವ ಮೊದಲೇ ಕಾಯಿ ಕೊಯ್ಯೋದು, ಕೈಗೆ ಸಿಗದಿದ್ದರೆ ಟೊಂಗೆಯನ್ನೇ ಕಡಿಯೋದು. ಸುಗ್ಗಿ ಬರೋದು ಸರೀ ಮಳೆಗಾಲದಲ್ಲಿ, ಬಿಸಿಲಿಲ್ಲ, ಒಣಗಿಸೋಕೆ ಬೆಂಕಿಯೇ ಗತಿ. ಅದಕ್ಕೂ ಕಟ್ಟಿಗೆ ಕಾಡಿನದೇ. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕೊಡಲಿ ನಿಲ್ಲಿಸಿದ ಸೀಮೆ ಇದು. ಇಲ್ಲಿ ಈಗ ಹೊರದೇಶದವರ ಸೊಂಟದಳತೆಗಾಗಿ ಟೊಂಗೆ ಬೀಳ್ತಾ ಇದ್ರೆ ಏನು ಹೇಳೋಣ?

ಕೊಯ್ಯುವವರನ್ನು ಬೈಯೋದು ಸುಲಭ. ಆದ್ರೆ ಮಳೆಗಾಲದಲ್ಲಿ ಬೇರೆ ದುಡಿಮೆ ಇಲ್ಲದ ಮನೆಗಳಿಗೆ ಅದೇ ಕಾಸು. ಬೆಂಗಳೂರಿನಲ್ಲಿ ತಿಂಗಳ ಸಂಬಳ ಎಣಿಸೋ ನಾನು ಅವರಿಗೆ ಬುದ್ಧಿ ಹೇಳಿದರೆ ಚೆನ್ನಾಗಿರಲ್ಲ. ಕೊಯ್ಲು ನಿಲ್ಲಿಸಿ ಅಂತ ಹೇಳ್ತಾ ಇಲ್ಲ, ಹಣ್ಣಾಗೋಕೆ ಬಿಡಿ ಅನ್ನೋದಷ್ಟೇ ನನ್ನ ವಾದ.

ಯಾಕಂದ್ರೆ ಹಣ್ಣಾದರೆ ಬೀಜವೂ ಬಲಿತಿರುತ್ತೆ. ಆ ಬೀಜದಿಂದ ಉಪ್ಪಾಗೆ ತುಪ್ಪ ಆಗುತ್ತೆ. ತಣ್ಣಗಾದರೆ ಗಟ್ಟಿ ನಿಲ್ಲುವ ತುಪ್ಪ ಅದು, ಅದರಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ಜಾಸ್ತಿ. ದೋಸೆಗೆ ಹಾಕಿ, ಒಡೆದ ಹಿಮ್ಮಡಿಗೆ ಹಚ್ಚಿ. ತಿರುಳು ತಿಂದ ಮಂಗ ಬೀಜ ಉಗುಳಿದಲ್ಲಿ ಒಂದು ಸಸಿಯಾದರೂ ಎದ್ದೀತು. ಎಳೆಗಾಯಿ ಕೊಯ್ದರೆ ತುಪ್ಪವೂ ಇಲ್ಲ, ಸಸಿಯೂ ಇಲ್ಲ, ಬರೀ ಸಿಪ್ಪೆ.

ಹಣ್ಣಿನ ಸಿಪ್ಪೆಗೆ ಬೇರೆಯದೇ ದರ ಸಿಕ್ಕಿದರೆ, ಊರಿನವರೇ ಕೂತು ಕೊಯ್ಲಿಗೆ ದಿನ ಗೊತ್ತು ಮಾಡಿಕೊಂಡರೆ ಕಾಯುವವನಿಗೆ ನಷ್ಟ ಆಗಲ್ಲ. ಕಟ್ಟಿಗೆ ಕಡಿಮೆ ಬೇಡುವ ಒಣಗಿಸುವ ಒಲೆಗಳು ನಮ್ಮ ಜಿಲ್ಲೆಗೆ ಆಗಲೇ ಬಂದಿವೆ, ಅವು ಇನ್ನಷ್ಟು ಮನೆಗಳಿಗೆ ಮುಟ್ಟಬೇಕು. ನಾವು ಪೇಟೆಯವರು ಮಾಡಬಹುದಾದ್ದು ಇನ್ನೂ ಸಣ್ಣದು: ಮಾತ್ರೆ ಬಿಟ್ಟು ತುಪ್ಪ ಕೊಳ್ಳೋದು.

ಡಬ್ಬಿಯನ್ನು ಸಹೋದ್ಯೋಗಿಗೆ ವಾಪಸ್ ಕೊಟ್ಟೆ, ಜೊತೆಗೆ ಒಂದು ಸಣ್ಣ ಬಾಟಲಿ ತುಪ್ಪ. "ಇದು ತಿಂದ್ರೆ ಸಣ್ಣ ಆಗ್ತೀನಾ?" ಅಂತ ಕೇಳಿದರು. ಇಲ್ಲ, ಹಿಮ್ಮಡಿ ಸರಿ ಹೋಗುತ್ತೆ ಅಂದೆ.

ನಿಮ್ಮ ಕಡೆ ಉಪ್ಪಾಗೆಗೆ ಏನಂತಾರೆ, ಏನೇನು ಮಾಡ್ತಾರೆ? ಕೊಡಗಿನವರು, ಕರಾವಳಿಯವರು ಇದ್ದರೆ ಬರೀರಿ. ಆಯಿಗೆ ಓದಿ ಹೇಳ್ತೀನಿ.