ಅಟ್ಟದ ಮೇಲಿರುವ ರೈಲು

ಶಿಕಾರಿಪುರಕ್ಕೆ ರೈಲು ಬರಲಿದೆ. 2023ರ ಫೆಬ್ರವರಿ 27ರಂದು, ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದರು. ನೂರು ಕಿಲೋಮೀಟರಿಗೂ ತುಸು ಹೆಚ್ಚಿನ ಹಾದಿ. ಇಂಥ ಹೊತ್ತಿನಲ್ಲಿ ರೈಲಿನ ಇತಿಹಾಸ ಕಾಪಾಡೋಣ ಬನ್ನಿ ಎಂದರೆ ನಿಮಗೆ ನಗು ಬಂದೀತು. ಇನ್ನೂ ಬಾರದ ರೈಲಿಗೆ ಎಂಥ ಇತಿಹಾಸ? ಸೊರಬದವರಂತೂ, ನಮ್ಮ ತಾಲ್ಲೂಕಿನಲ್ಲಿ ಹಳಿಯೇ ಇಲ್ಲವಲ್ಲ ಎನ್ನಬಹುದು.

ಆದರೆ ಈ ಎರಡು ತಾಲ್ಲೂಕುಗಳ ಜನ ರೈಲು ಕಾಣದವರಲ್ಲ. ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಕಾಡು ಕಡಿದು, ಗುಡ್ಡ ಬಳಸಿ, ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟಲು ಅದಕ್ಕೆ ನಾಲ್ಕು ದಶಕ ಹಿಡಿಯಿತು. ಸೊರಬದವರು ಸಾಗರದಲ್ಲೋ ತಾಳಗುಪ್ಪದಲ್ಲೋ ರೈಲು ಹತ್ತಿದರು. ಶಿಕಾರಿಪುರದವರು ಆನಂದಪುರಕ್ಕೋ ಶಿವಮೊಗ್ಗೆಗೋ ಬಂದು ಹತ್ತಿದರು. ಗಾಡಿ ಕಟ್ಟಿಕೊಂಡು, ಆಮೇಲಾಮೇಲೆ ಬಸ್ಸಿನಲ್ಲಿ. ಹಳಿ ನಿಮ್ಮ ತಾಲ್ಲೂಕಿನ ಗಡಿಯಾಚೆ ಇತ್ತು. ಪ್ರಯಾಣ ನಿಮ್ಮ ಮನೆಯ ಜಗಲಿಯಿಂದಲೇ ಶುರುವಾಗುತ್ತಿತ್ತು.

ಆ ರೈಲು ಮೀಟರ್ ಗೇಜಿನದು. ಹಳಿಯಿಂದ ಹಳಿಗೆ 1000 ಮಿಲಿಮೀಟರ್ ಅಂತರ. 2010ರ ಆಸುಪಾಸಿನಲ್ಲಿ ಅದನ್ನು ಕಿತ್ತು 1676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕಿದರು. ಅದು ಆಗಬೇಕಾದ ಕೆಲಸವೇ. ಬೆಂಗಳೂರು, ಮೈಸೂರಿಗೆ ತಾಳಗುಪ್ಪದಿಂದ ನೇರ ರೈಲು ಸಿಕ್ಕಿತು. ಅದರ ಜೊತೆಗೆ ಕೆಲವು ಸಂಗತಿಗಳು ಸದ್ದಿಲ್ಲದೆ ಹೊರಟು ಹೋದವು. ದಪ್ಪ ರಟ್ಟಿನ ಪುಟ್ಟ ಟಿಕೆಟ್ಟು ಹೋಯಿತು. ಕೈಮರದ ಸಿಗ್ನಲ್ ಹೋಯಿತು. ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರಾಗದಂತೆ, ಚಾಲಕನ ಕೈಗೆ ಬಳೆಯಾಕಾರದ ಬೆತ್ತದಲ್ಲಿ ಸಿಕ್ಕಿಸಿ ಕೊಡುತ್ತಿದ್ದ ಟೋಕನ್ ಹೋಯಿತು. ಟೋಕನ್ ಕೈಗೆ ಬಾರದೆ ಗಾಡಿ ಮುಂದಿನ ನಿಲ್ದಾಣಕ್ಕೆ ಹೊರಡುವಂತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಓಡುತ್ತಿದ್ದ ರೈಲ್ ಬಸ್ಸೂ ಹೋಯಿತು. ಇಪ್ಪತ್ತರ ಹರೆಯದ ಮಕ್ಕಳಿಗೆ ಇವುಗಳ ಹೆಸರೇ ಗೊತ್ತಿಲ್ಲ. ಗೊತ್ತಾಗಲು ನಾವು ಏನನ್ನೂ ಇಟ್ಟಿಲ್ಲ.

ಒಂದು ಕಡೆ ಇಟ್ಟಿದ್ದೇವೆ, ನಿಜ. ಅರಸಾಳಿನ ಹಳೆಯ ನಿಲ್ದಾಣವನ್ನು ನೀವು ಬಲ್ಲಿರಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಅದೇ ಮಾಲ್ಗುಡಿಯ ರೈಲು ನಿಲ್ದಾಣ. ಹೊಸ ನಿಲ್ದಾಣ ಬಂದ ಮೇಲೆ ಹಳೆಯದು ಪಾಳು ಬಿದ್ದಿತ್ತು. ನೈಋತ್ಯ ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈ ಹಾಕಿದರು. ಪಕ್ಕದಲ್ಲಿ ಹಳೆಯ ಬೋಗಿ ನಿಲ್ಲಿಸಿದ್ದಾರೆ. ಮಕ್ಕಳು ಹತ್ತಿ ಇಳಿಯುತ್ತಾರೆ, ಚಹಾ ಸಿಗುತ್ತದೆ. ಇನ್ನೂ ಹೋಗಿಲ್ಲವಾದರೆ ದಯವಿಟ್ಟು ಹೋಗಿ ಬನ್ನಿ. ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಜೋಗದ ಜೊತೆಗೆ ಅರಸಾಳನ್ನೂ ಸೇರಿಸುವಂತೆ ಮೇಷ್ಟ್ರುಗಳನ್ನು ಕೇಳಿ.

ಅಲ್ಲಿಗೆ ಹೋದಾಗ ಒಂದು ಮಾತನ್ನು ಗಮನಿಸಿ. ಮಾಲ್ಗುಡಿ ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರು. ಇಲ್ಲದ ಊರಿನ ಪ್ರಯಾಣಿಕರಿಗೆ ನಮ್ಮಲ್ಲಿ ವಸ್ತುಸಂಗ್ರಹಾಲಯ ಇದೆ. ಇದ್ದ ಊರುಗಳ ಪ್ರಯಾಣಿಕರಿಗೆ ಇಲ್ಲ. ಬೆಂಗಳೂರಿಗೆ ಓದಲು ಹೊರಟ ಹುಡುಗ, ಬಾಣಂತನಕ್ಕೆ ತವರಿಗೆ ಬಂದ ಮಗಳು, ಅಡಿಕೆ ಮೂಟೆಯ ಲೆಕ್ಕ ನೋಡುತ್ತ ಕುಳಿತ ಬೆಳೆಗಾರ, ಗಂಧದ ಕೆತ್ತನೆಯ ಪೆಟ್ಟಿಗೆಯನ್ನು ಹುಷಾರಾಗಿ ಇಟ್ಟುಕೊಂಡ ಸೊರಬದ ಗುಡಿಗಾರ, ಇವರೆಲ್ಲ ಎಲ್ಲಿ ಹೋದರು? ಕ್ಯಾಮರಾ ಬಂದದ್ದರಿಂದ ಅರಸಾಳು ಉಳಿಯಿತು. ಕ್ಯಾಮರಾ ಬಾರದವರ ಪಾಲಿಗೆ ನೀವೇ ಇರುವುದು.

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ. ಅಲ್ಲಿ ಮಹಾರಾಣಿಯವರ ಸಲೂನ್ ಬೋಗಿಯನ್ನೂ ಹಳೆಯ ಉಗಿ ಎಂಜಿನ್‌ಗಳನ್ನೂ ನೋಡಬಹುದು. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ತೆರೆಯಿತು. ಎಂಜಿನ್ ಉಳಿಸುವ ಶಕ್ತಿ ರೈಲ್ವೆ ಇಲಾಖೆಗೆ ಇದೆ, ಅವರು ಮಾಡುತ್ತಿದ್ದಾರೆ. ಪ್ರಯಾಣಿಕರ ನೆನಪು ಮಾತ್ರ ಇಲಾಖೆಯ ಕಡತದಲ್ಲಿ ಸಿಗುವಂಥದ್ದಲ್ಲ.

ಇದೆಲ್ಲ ನಮ್ಮಂಥ ಸಾಮಾನ್ಯರಿಂದ ಆದೀತೇ ಎಂಬ ಅನುಮಾನ ನಿಮಗಿದ್ದರೆ ದೂರದ ಒಂದು ಸಂಗತಿ ಹೇಳುತ್ತೇನೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 1932ರಲ್ಲಿ ರೈಲಿನ ಹುಚ್ಚಿನ ಕೆಲವರು ಸೇರಿ ಒಂದು ಸಂಘ ಕಟ್ಟಿಕೊಂಡರು. ಆ ಊರಿನ ಹತ್ತಿರವೇ ಇರುವ ಎಕ್ಸ್‌ಪೋರೈಲ್ ಎಂಬ ದೊಡ್ಡ ರೈಲು ವಸ್ತುಸಂಗ್ರಹಾಲಯ ಅವರ ಸಂಘದ್ದೇ. ಅದೇ ದೇಶದಲ್ಲಿ 1982ರಲ್ಲಿ ವೆಸ್ಟ್ ಟೊರಾಂಟೊದ ಹಳೆಯ ನಿಲ್ದಾಣವನ್ನು ರೈಲು ಕಂಪನಿಯೊಂದು ಕೆಡವಿತು. ಜನ ನೊಂದುಕೊಂಡರು, ಆದರೆ ನೊಂದುಕೊಂಡು ಸುಮ್ಮನಾಗಲಿಲ್ಲ. 1988ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆ ತಂದಿತು. ಪಾರಂಪರಿಕವೆಂದು ಗುರುತಿಸಿದ ನಿಲ್ದಾಣವನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಕಂಪನಿಗಳು ಕೆಡವುವಂತಿಲ್ಲ, ಬದಲಿಸುವಂತಿಲ್ಲ. ಊರಿನ ಜನ ತಮ್ಮ ಊರಿನ ಕಟ್ಟಡದ ಬಗ್ಗೆ ಮಾತಾಡಿದ್ದರಿಂದ ಆದ ಕೆಲಸ ಅದು. ನಮಗೆ ಸದ್ಯಕ್ಕೆ ಅಷ್ಟು ದೊಡ್ಡದು ಬೇಡ.

ನಿಮ್ಮಲ್ಲಿ ನಾನು ಬೇಡುವುದು ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ತೆರೆಯಿರಿ ಎಂದು. ಹಳೆಯ ರಟ್ಟಿನ ಟಿಕೆಟ್ ಸಿಗಬಹುದು. ಅಡಿಕೆಯನ್ನೋ ಪಾತ್ರೆ ಪಗಡೆಯನ್ನೋ ಸಾಗಿಸಿದ ರೈಲ್ವೆ ರಶೀದಿ ಸಿಗಬಹುದು. ಬರುವವರು ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಬರೆದ ಲಗ್ನಪತ್ರಿಕೆಯೂ ಇದ್ದೀತು. ಸಿಕ್ಕದ್ದನ್ನು ಲ್ಯಾಮಿನೇಟ್ ಮಾಡಿಸಬೇಡಿ. ಅದರಿಂದ ಕಾಗದ ಕೆಡುತ್ತದೆ, ಒಮ್ಮೆ ಮಾಡಿಸಿದರೆ ಬಿಡಿಸಲೂ ಆಗದು. ಹಗಲಿನ ಬೆಳಕಿನಲ್ಲಿ ಮೊಬೈಲಿನಿಂದ ಎರಡೂ ಬದಿಯ ಚಿತ್ರ ತೆಗೆಯಿರಿ. ಫೋಟೊದ ಹಿಂದೆ ಯಾರು, ಎಲ್ಲಿ, ಸುಮಾರು ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಪೆನ್ನು ಬೇಡ.

ಮನೆಯ ಹಿರಿಯರನ್ನು ಮಾತಾಡಿಸಿ. ಆಗ ಹೇಗಿತ್ತು ಎಂದರೆ ಚೆನ್ನಾಗಿತ್ತು ಎಂದು ಹೇಳಿ ಮುಗಿಸಿಬಿಡುತ್ತಾರೆ. ಯಾವ ನಿಲ್ದಾಣ? ಅಲ್ಲಿಗೆ ಹೋಗಿದ್ದು ಯಾರ ಗಾಡಿಯಲ್ಲಿ? ಬುತ್ತಿ ಏನು ಕಟ್ಟಿಕೊಂಡಿರಿ? ಗಾಡಿ ತಪ್ಪಿದರೆ ರಾತ್ರಿ ಎಲ್ಲಿ ಮಲಗುತ್ತಿದ್ದಿರಿ? ಹೀಗೆ ಕೇಳಿ, ಮಾತು ತಾನಾಗಿ ಬರುತ್ತದೆ. ಅಜ್ಜಿಯರನ್ನು ಮರೆಯಬೇಡಿ, ಅವರ ಪ್ರಯಾಣವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಗ್ಯಾಂಗ್‌ಮನ್, ಗೇಟ್‌ಮನ್, ಪಾಯಿಂಟ್ಸ್‌ಮನ್ ಆಗಿದ್ದವರು ನಿಮ್ಮ ಊರಲ್ಲಿದ್ದರೆ ಅವರ ಮನೆಗೆ ಮೊದಲು ಹೋಗಿ.

ನಡುವೆ ಒಂದು ಎಚ್ಚರಿಕೆ. ಹಳಿಯ ಬದಿಯಲ್ಲಿ ಬಿದ್ದಿರುವ ಕಬ್ಬಿಣದ ಮೊಳೆ, ಪಟ್ಟಿಗಳನ್ನು ನೆನಪಿಗೆಂದು ಮನೆಗೆ ತರಬೇಡಿ. ಅದು ರೈಲ್ವೆಯ ಸ್ವತ್ತು. ಪ್ರೀತಿಯಿಂದ ತಂದರೂ ಕಾನೂನಿಗೆ ಪ್ರೀತಿ ಅರ್ಥವಾಗುವುದಿಲ್ಲ.

ಸೊರಬದ ಗುಡಿಗಾರ ಬಂಧುಗಳಲ್ಲಿ ಒಂದು ಪ್ರತ್ಯೇಕ ಕೋರಿಕೆ. ಮೀಟರ್ ಗೇಜಿನ ಎಂಜಿನ್ನನ್ನು, ಹೆಂಚಿನ ಮಾಡಿನ ಪುಟ್ಟ ನಿಲ್ದಾಣವನ್ನು ಮರದಲ್ಲಿ ಕೆತ್ತಿ ಕೊಡುವಿರಾ? ಶಾಲೆಗಳು, ಸಹಕಾರ ಸಂಘಗಳು ಅದನ್ನು ಬೆಲೆ ಕೊಟ್ಟೇ ಕೊಳ್ಳಬೇಕು.

ಶಿಕಾರಿಪುರದ ಕಡೆ ಇನ್ನೊಂದು ಕೆಲಸವಿದೆ, ಅದಕ್ಕೆ ಸಮಯ ಕಡಿಮೆ. ಹೊಸ ಹಳಿ ಹಾಯುವ ಗದ್ದೆ, ತೋಟ, ಕೆರೆಯಂಚನ್ನು ಈಗಲೇ ಚಿತ್ರ ತೆಗೆದಿಡಿ. ಜಮೀನು ಬಿಟ್ಟುಕೊಟ್ಟ ರೈತರ ಮಾತನ್ನು ಧ್ವನಿಮುದ್ರಿಸಿ. ಅವರು ಸಂತೋಷ ಹೇಳಿದರೂ ಸಂಕಟ ಹೇಳಿದರೂ ಹಾಗೆಯೇ ಇರಲಿ, ತಿದ್ದಬೇಡಿ. ಬಳ್ಳಿಗಾವಿ, ತಾಳಗುಂದದ ಸೀಮೆ ಇದು. ಜೆಸಿಬಿಯ ಬಾಯಿಗೆ ವೀರಗಲ್ಲೋ ಮಾಸ್ತಿಕಲ್ಲೋ ಸಿಕ್ಕರೆ ಅದನ್ನು ಅಲ್ಲಿಂದ ಕದಲಿಸದೆ ತಹಶೀಲ್ದಾರರಿಗೆ ತಿಳಿಸಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಒಂದು ಮಾತು ಮುಟ್ಟಲಿ.

ಇವನ್ನೆಲ್ಲ ಎಲ್ಲಿ ಸೇರಿಸುವುದು? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ ಸಾಕು. ಮೂಲ ವಸ್ತು ನಿಮ್ಮ ಮನೆಯಲ್ಲೇ ಇರಲಿ, ಪ್ರತಿ ಅಲ್ಲಿರಲಿ. ಕಾಲೇಜಿನ ಮಕ್ಕಳು ಕಂಪ್ಯೂಟರಿಗೆ ಏರಿಸಲು ನೆರವಾಗುತ್ತಾರೆ, ಕೇಳಿದರೆ ಇಲ್ಲವೆನ್ನುವುದಿಲ್ಲ.

ಶಿಕಾರಿಪುರಕ್ಕೆ ಮೊದಲ ರೈಲು ಬರುವ ದಿನ ಹಾರ ತುರಾಯಿ, ಭಾಷಣ ಇದ್ದೇ ಇರುತ್ತವೆ. ಅದಕ್ಕೂ ಮುಂಚೆ ನಾವು ಎರಡೂ ತಾಲ್ಲೂಕಿನವರು ಒಟ್ಟಾಗಿ ರೈಲ್ವೆಯವರಿಗೆ ಒಂದು ಅರ್ಜಿ ಕೊಡೋಣ. ಹೊಸ ನಿಲ್ದಾಣದ ಒಂದು ಗೋಡೆಯನ್ನು ನಮ್ಮ ಹಳೆಯ ಪ್ರಯಾಣಿಕರಿಗೆ ಬಿಟ್ಟುಕೊಡಿ ಎಂದು ಕೇಳೋಣ. ಕೇಳುವಾಗ ಕೈಯಲ್ಲಿ ಚಿತ್ರ, ಟಿಕೆಟ್, ಮಾತು ಇರಬೇಕು. ಬರಿಗೈಯಲ್ಲಿ ಹೋದರೆ ಗೋಡೆಗೆ ಸುಣ್ಣ ಬಳಿದು ಕಳಿಸುತ್ತಾರೆ. ಆದ್ದರಿಂದ ಮಳೆಗಾಲ ಹಿಡಿಯುವ ಮೊದಲೇ ಅಟ್ಟ ಹತ್ತಿ. ನಮ್ಮ ಕಡೆಯ ಥಂಡಿಗೆ ಕಾಗದ ಬಹುಕಾಲ ತಡೆಯುವುದಿಲ್ಲ.