ಹೊಸ ಕ್ಯಾಮರಾ ಕಲಿಸಿದ ಪಾಠ

ಕ್ಯಾಮರಾ ಕೊಳ್ಳುವುದು ಸುಲಭ. ಅದನ್ನು ಹಿಡಿದು ಹಕ್ಕಿಯ ಮುಂದೆ ನಿಲ್ಲುವುದು ಕಷ್ಟ. ಕಳೆದ ಓಣಂ ರಜೆಯಲ್ಲಿ ಈ ಮಾತು ನನ್ನ ಅನುಭವಕ್ಕೆ ಬಂತು. ಬಹುದಿನಗಳ ಆಸೆಯಂತೆ 400 ಮಿಲಿಮೀಟರಿನ ಮಸೂರವುಳ್ಳ ಕ್ಯಾಮರಾವೊಂದನ್ನು ಕೊಂಡು, ಅದನ್ನು ಪರೀಕ್ಷಿಸಲೆಂದು ಬೆಳ್ಳಂಬೆಳಗ್ಗೆ ಚಂದ್ರಗಿರಿ ಹೊಳೆಯ ದಂಡೆಗೆ ಹೋದೆ.

ಮೊದಲ ದಿನ ಚಿತ್ರದಲ್ಲಿ ಮೂಡಿದ್ದು ಬೆಳ್ಳಕ್ಕಿಯಲ್ಲ, ಬರಿಯ ಬಿಳಿಯ ಕಲೆ. ಕಾರಣ ಆಮೇಲೆ ತಿಳಿಯಿತು. ಕ್ಯಾಮರಾ ತನ್ನೆದುರಿನ ಎಲ್ಲದರ ಬೆಳಕನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಹಿಂದಿನ ನೀರು, ಕಾಂಡ್ಲ ಗಿಡಗಳು ಕಪ್ಪಾಗಿದ್ದರೆ ಬೆಳಕು ಸಾಲದೆಂದು ತಿಳಿದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆಗ ಬಿಳಿಯ ಗರಿಗಳು ಅಳಿಸಿಹೋಗುತ್ತವೆ. ಮರುದಿನ ಬೆಳಕನ್ನು ತಗ್ಗಿಸಿದೆ. ಒಂದೊಂದು ಗರಿಯೂ ಸ್ಪಷ್ಟವಾಗಿ ಕಂಡಿತು. ಕಪ್ಪು ಕಾಲು, ಅದರ ತುದಿಯಲ್ಲಿ ಹಳದಿ ಬೆರಳು! ಆ ಕಾಲಿನಿಂದ ಕೆಸರನ್ನು ಕಲಕಿ, ಬೆದರಿ ಹೊರಬಂದ ಮೀನನ್ನು ಅದು ಕುಕ್ಕುತ್ತಿತ್ತು. ದನಗಳ ಹಿಂದೆ ತಿರುಗುವ ಗೋವಕ್ಕಿಗೆ ಈ ಹಳದಿ ಬೆರಳಿಲ್ಲ. ಬಾಲ್ಯದಿಂದಲೂ ಎರಡನ್ನೂ ಒಂದೇ ಎಂದು ತಿಳಿದಿದ್ದ ನನಗೆ ಅಂದು ಕ್ಯಾಮರಾವೇ ಗುರುವಾಯಿತು.

ಮೂರನೆಯ ದಿನ ಹಾರುವ ಹಕ್ಕಿಯ ಚಿತ್ರ ಬೇಕೆನಿಸಿತು. ರೆಕ್ಕೆ ಮಸುಕಾಗದಿರಲು ಸೆಕೆಂಡಿನ 2000ದಲ್ಲಿ ಒಂದು ಪಾಲಿನ ವೇಗ ಇಟ್ಟುಕೊಂಡೆ. ಪೇಟೆಯ ಮರವೊಂದರಲ್ಲಿ ಕೊಳದ ಬಕಗಳೂ ನೀರುಕಾಗೆಗಳೂ ಮಳೆಗಾಲದ ಗೂಡು ಕಟ್ಟಿದ್ದವು. ಹಕ್ಕಿಗಳು ಕದಲಲಿಲ್ಲ. ಜೊತೆಗಿದ್ದ ವಿದ್ಯಾರ್ಥಿಯೊಬ್ಬ, "ಸಾರ್, ಹಾರಿಸಲೋ?" ಎಂದು ಕೇಳಿದ. ನಾನು ಬೇಡವೆನ್ನಲಿಲ್ಲ. ಅವನು ಚಪ್ಪಾಳೆ ತಟ್ಟಿದ. ಹತ್ತಾರು ಹಕ್ಕಿಗಳು ಒಮ್ಮೆಲೇ ಎದ್ದವು. ನಾನು ಗುಂಡಿ ಒತ್ತಿದೆ. ಅಷ್ಟರಲ್ಲಿ ಕಾಗೆಯೊಂದು ತೆರವಾದ ಗೂಡಿಗೆರಗಿ ಮೊಟ್ಟೆಯೊಂದನ್ನು ಕಚ್ಚಿಕೊಂಡು ಹೋಯಿತು. ಅದನ್ನು ಮೊದಲು ಕಂಡವನು ಆ ಹುಡುಗನೇ. ಮನೆಗೆ ಬರುವವರೆಗೂ ಅವನು ಮಾತಾಡಲಿಲ್ಲ. ತಪ್ಪು ಅವನದಲ್ಲ, ನನ್ನದು.

ಕಾಗೆ ಹೇಗೂ ಮೊಟ್ಟೆ ಕದಿಯುತ್ತದಲ್ಲ ಎನ್ನುವವರಿದ್ದಾರೆ. ನಿಜ, ಕದಿಯುವುದು ಕಾಗೆಯ ಸ್ವಭಾವ, ಕಾಯುವುದು ತಾಯಿಹಕ್ಕಿಯ ಸ್ವಭಾವ. ಆದರೆ ಕಾವಲಿದ್ದವಳನ್ನು ಓಡಿಸಿ ಬಾಗಿಲು ತೆರೆದುಕೊಟ್ಟವರು ನಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನು ಬೇಟೆಯ ಸಾಲಿಗೇ ಸೇರಿಸಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರನಲ್ಲವೆಂಬುದನ್ನು ಇದರಿಂದ ತಿಳಿಯಬೇಕು.

ಇಂಗ್ಲೆಂಡಿನ ಕಿಯರ್ಟನ್ ಸೋದರರು 1892ರಲ್ಲೇ ಮೊಟ್ಟೆಗಳಿದ್ದ ಹಕ್ಕಿಗೂಡಿನ ಚಿತ್ರ ತೆಗೆದಿದ್ದರು. ಮುಂದೆ ಹಕ್ಕಿಗಳು ಬೆದರದಿರಲೆಂದು ಟೊಳ್ಳು ಮಾಡಿದ ಎತ್ತಿನ ತೊಗಲಿನೊಳಗೆ ಭಾರವಾದ ಕ್ಯಾಮರಾದೊಡನೆ ಅಡಗಿ ಕುಳಿತರು. ನಮಗೆ ಎತ್ತಿನ ತೊಗಲು ಬೇಕಿಲ್ಲ; ದೂರದ್ದನ್ನು ಹತ್ತಿರ ತರುವ ಮಸೂರವಿದೆ. ಆದರೆ ಅವರಿಗಿದ್ದ ತಾಳ್ಮೆ ಅಂಗಡಿಯಲ್ಲಿ ಸಿಗುವುದಿಲ್ಲ.

ಮಕ್ಕಳ ಕೈಗೆ ಕ್ಯಾಮರಾ ಕೊಡಬಾರದೆಂದು ನಾನು ಹೇಳುವುದಿಲ್ಲ. ಇಂದು ಅನೇಕ ಮನೆಗಳಲ್ಲಿ ಮೊಬೈಲ್ ಫೋನೇ ಕ್ಯಾಮರಾ. ಹೆತ್ತವರು ಕೊಡಲಿ, ಕೊಡುವಾಗ ಜೊತೆಗೊಂದು ನೋಟುಪುಸ್ತಕವನ್ನೂ ಕೊಡಲಿ. ಮೊದಲ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ, ಕಂಡದ್ದನ್ನು ಬರೆದುಕೊಳ್ಳಲಿ. ಹಕ್ಕಿ ಕತ್ತೆತ್ತಿ ನಮ್ಮತ್ತ ನೋಡಿತೆಂದರೆ ಅಲ್ಲಿಗೇ ನಿಲ್ಲಬೇಕು. ಗೂಡಿನ ಹತ್ತಿರ ಹೋಗಲೇಬಾರದು. ಗೂಡಿರುವ ಜಾಗವನ್ನು ಊರಿಗೆಲ್ಲ ಸಾರಲೂಬಾರದು.

ಅಂದಿನ ಚಿತ್ರ ಚೆನ್ನಾಗಿಯೇ ಬಂದಿದೆ. ರೆಕ್ಕೆಯ ಗರಿಗಳನ್ನು ಎಣಿಸಬಹುದು. ಈ ಸಂಚಿಕೆಗೆ ಅದನ್ನು ಕೇಳಿದರು, ನಾನು ಕೊಡಲಿಲ್ಲ. ವಿದ್ಯಾರ್ಥಿ ಮಿತ್ರರೇ, ಒಳ್ಳೆಯ ಚಿತ್ರಕ್ಕೆ ನನ್ನ ಅಳತೆ ಈಗ ಒಂದೇ: ನಾವು ಬರುವ ಮುಂಚೆ ಹಕ್ಕಿ ಮಾಡುತ್ತಿದ್ದ ಕೆಲಸವನ್ನು ನಾವು ಹೋದ ಮೇಲೂ ಮಾಡುತ್ತಿರಬೇಕು.